ಕಾರಿಗೆ ಎರಡನೆಯ ಕೀಲಿಕೈ: ಗಡಿನಾಡಿನವರು ಗಮನಿಸಬೇಕಾದ ವಿಷಯ

ಮನೆಗೊಂದು ಬೀಗ ತಂದರೆ ಅದರೊಡನೆ ಎರಡು ಕೀಲಿಕೈ ಬರುತ್ತವೆ. ಒಂದು ಮನೆಯಾಕೆಯ ಸೆರಗಿನ ತುದಿಯಲ್ಲಿದ್ದರೆ ಇನ್ನೊಂದು ದೇವರ ಗೂಡಿನಲ್ಲಿ. ಎರಡೂ ಕಳೆದರೆ ಸಂತೆಯಲ್ಲಿ ಕುಳಿತ ಕೀಲಿ ಮಾಡುವವನು ಅರ ಹಿಡಿದು, ಕಾಲು ಗಂಟೆಯಲ್ಲಿ ಹೊಸದೊಂದನ್ನು ಉಜ್ಜಿ ಕೊಡುತ್ತಾನೆ. ಅಂಬಾಸಿಡರ್, ಪದ್ಮಿನಿ ಕಾರುಗಳ ಕಾಲದಲ್ಲಿ ಕಾರಿನ ಕೀಲಿಕೈಗೂ ಇದೇ ಉಪಾಯ ಸಾಕಾಗುತ್ತಿತ್ತು. ಇಂದಿನ ಕಾರಿಗೆ ಸಾಲದು. ಏಕೆ ಸಾಲದು, ಅದರಲ್ಲೂ ಗಡಿಯಲ್ಲಿರುವ ನಮಗೆ ಅದು ಏಕೆ ಹೆಚ್ಚಿನ ತೊಡಕು ಎಂಬುದನ್ನು ತಿಳಿದಿರುವುದು ಒಳ್ಳೆಯದು.

ನಮ್ಮ ಪೆದ್ದಹರಿವಾಣಂ ಆದವಾನಿಯಿಂದ ಸಿರುಗುಪ್ಪದ ಕಡೆಗೆ ಹೋಗುವ ದಾರಿಯ ಊರು. 1953ರ ಅಕ್ಟೋಬರ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಅತ್ತ ಸೇರಿದವು; ಸಿರುಗುಪ್ಪ, ಬಳ್ಳಾರಿಗಳು ಮೈಸೂರಿನ ಪಾಲಾದವು. ಮೂರು ವರ್ಷಗಳ ತರುವಾಯ ಕಾಸರಗೋಡಿಗೆ ಏನಾಯಿತೆಂಬುದನ್ನು ಈ ಪತ್ರಿಕೆಯ ಓದುಗರಿಗೆ ನಾವು ಹೇಳಬೇಕಾಗಿಲ್ಲ. ರಾಜ್ಯ ಬೇರೆಯಾದರೂ ನಂಟಸ್ತಿಕೆ, ವ್ಯಾಪಾರಗಳು ಗಡಿಯ ಗೆರೆಯನ್ನು ನೋಡಿ ನಿಲ್ಲಲಿಲ್ಲ. ನಮ್ಮ ಕಡೆಯ ದಾರಿಗಳಲ್ಲಿ ಎ.ಪಿ. 21, 2019ರ ಈಚಿನ ಎ.ಪಿ. 39 ಸಂಖ್ಯೆಗಳ ನಡುವೆ ಬಳ್ಳಾರಿಯ ಕೆ.ಎ. 34 ಓಡಾಡುತ್ತಲೇ ಇರುತ್ತದೆ, ನಿಮ್ಮಲ್ಲಿ ಕೆ.ಎಲ್. 14ರ ನಡುವೆ ಮಂಗಳೂರಿನ ಕೆ.ಎ. 19 ಇರುವ ಹಾಗೆ.

ಒಬ್ಬ ರೈತರ ಪಾಡು

ನಮ್ಮ ಕಡೆಯ ಹತ್ತಿ ಬೆಳೆಗಾರರೊಬ್ಬರು ಬಳ್ಳಾರಿಯಲ್ಲಿ ಒಂದು ಹಳೆಯ ಕಾರು ಕೊಂಡರು. ಗಾಡಿ ಚೆನ್ನಾಗಿತ್ತು, ಬೆಲೆಯೂ ಸರಿಯಾಗಿತ್ತು. ಮಾರಿದವರು ಕೊಟ್ಟದ್ದು ಒಂದೇ ಕೀಲಿಕೈ. "ಇನ್ನೊಂದು ಎಲ್ಲೋ ಮನೆಯಲ್ಲಿದೆ, ಸಿಕ್ಕಾಗ ಕಳಿಸುತ್ತೇವೆ" ಎಂದರು. ಹತ್ತಿ ಬಿಡಿಸುವ ಕಾಲದಲ್ಲಿ ಆ ಒಂದೇ ಕೀಲಿಕೈ ಹೊಲದಲ್ಲಿ ಎಲ್ಲೋ ಬಿದ್ದುಹೋಯಿತು.

ಪೇಟೆಯಿಂದ ಬಂದ ಕೀಲಿ ಮಾಡುವವನು ಬಾಗಿಲಿನ ಬೀಗ ನೋಡಿ ಹೊಸ ಕೀಲಿಕೈ ಮಾಡಿದ. ಬಾಗಿಲು ತೆರೆಯಿತು. ಒಳಗೆ ಕೂತು ತಿರುಗಿಸಿದರೆ ಇಂಜಿನು ಒಂದೆರಡು ಸಲ ಗುರುಗುಟ್ಟಿ ನಿಂತುಹೋಯಿತು. ಮುಂದಿನ ಫಲಕದಲ್ಲಿ ಪುಟ್ಟದೊಂದು ಕೆಂಪು ದೀಪ ಮಿಣುಕುತ್ತಿತ್ತು. ಕೀಲಿಯವನ ಕೆಲಸದಲ್ಲಿ ಕೊರತೆಯಿರಲಿಲ್ಲ. ಅವನು ಮಾಡಿಕೊಟ್ಟದ್ದು ಕೀಲಿಕೈಯ ಅರ್ಧ ಮಾತ್ರ.

ಕಬ್ಬಿಣದೊಳಗಿನ ಗುಟ್ಟು

ಉಳಿದರ್ಧ ಕೀಲಿಕೈಯ ಪ್ಲಾಸ್ಟಿಕ್ ಹಿಡಿಯೊಳಗಿದೆ. ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ಚಿಪ್ಪು ಅದು. ಟ್ರಾನ್ಸ್‌ಪಾಂಡರ್ ಎಂದು ಹೆಸರು. ಅದಕ್ಕೆ ಬ್ಯಾಟರಿಯ ಹಂಗಿಲ್ಲ. ಕೀಲಿಕೈ ತೂರಿಸುವ ರಂಧ್ರದ ಸುತ್ತ ತಂತಿಯ ಸುರುಳಿಯೊಂದಿರುತ್ತದೆ. ತಿರುಗಿಸಿದೊಡನೆ ಆ ಸುರುಳಿ ಸಣ್ಣ ರೇಡಿಯೋ ಅಲೆಯನ್ನು ಎಬ್ಬಿಸುತ್ತದೆ. ಅದರ ಬಲದಿಂದಲೇ ಚಿಪ್ಪು ಎಚ್ಚೆತ್ತು ತನ್ನ ಸಂಕೇತವನ್ನು ಹೇಳುತ್ತದೆ. ಕಾರಿನ ಕಂಪ್ಯೂಟರು ತನ್ನ ನೆನಪಿನಲ್ಲಿರುವ ಸಂಕೇತದೊಡನೆ ಅದನ್ನು ತಾಳೆ ನೋಡುತ್ತದೆ. ಕೂಡಿಬಂದರೆ ಇಂಧನ ಹರಿಯುತ್ತದೆ, ಇಲ್ಲವಾದರೆ ಇಲ್ಲ. ಈ ಏರ್ಪಾಡಿಗೆ ಇಮೊಬಿಲೈಸರ್ ಎನ್ನುತ್ತಾರೆ. ಕೀಲಿಕೈಯ ಗುಂಡಿ ಒತ್ತಿ ದೂರದಿಂದ ಬಾಗಿಲು ತೆರೆಯುವುದು ಬೇರೆಯೇ ಕೆಲಸ. ಬ್ಯಾಟರಿ ಬೇಕಾದದ್ದು ಅದಕ್ಕೆ. ಆದ್ದರಿಂದ ಬ್ಯಾಟರಿ ಸತ್ತು ಗುಂಡಿ ಕೆಲಸ ಮಾಡದಿದ್ದರೂ ತಿರುಗಿಸುವ ಕೀಲಿಕೈಯಿಂದ ಇಂಜಿನು ಹೊರಡುತ್ತದೆ.

ಇದರ ಮೊದಲ ರೂಪವೊಂದು 1986ರಲ್ಲಿ ಅಮೆರಿಕದ ಕಾರ್ವೆಟ್ ಕಾರಿನಲ್ಲಿ ಬಂತು. ಅದರ ಕೀಲಿಕೈಯಲ್ಲಿ ವಿದ್ಯುತ್ತನ್ನು ತಡೆಯುವ ಸಣ್ಣ ಗುಳಿಗೆಯೊಂದಿತ್ತು. ಅದರಲ್ಲಿ ಇದ್ದುದು ಹದಿನೈದೇ ಬಗೆ. ಯುರೋಪಿನಲ್ಲಿ 1998ರ ಅಕ್ಟೋಬರದಿಂದ ಹೊಸ ಕಾರುಗಳಿಗೆ ಇಮೊಬಿಲೈಸರ್ ಕಡ್ಡಾಯವಾಯಿತು. ನಮ್ಮ ದೇಶದಲ್ಲೂ ಈಗ ಸಾಧಾರಣ ಬೆಲೆಯ ಕಾರುಗಳಲ್ಲಿ ಇದು ಸಾಮಾನ್ಯ. ಇದು ಎಂದೂ ಮುರಿಯಲಾಗದ ಕೋಟೆಯೇನಲ್ಲ. 2005ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಇತರರೊಡನೆ ಕೂಡಿ, ಬಹಳ ಬಳಕೆಯಲ್ಲಿದ್ದ ಒಂದು ಚಿಪ್ಪಿನ ಸಂಕೇತವನ್ನು ಭೇದಿಸಿ ತೋರಿಸಿದರು. ಆದರೂ ತಂತಿ ಜೋಡಿಸಿ ಇಂಜಿನು ಹೊರಡಿಸುತ್ತಿದ್ದ ಹಳೆಯ ಕಳ್ಳನ ವಿದ್ಯೆ ಇದರ ಮುಂದೆ ನಡೆಯುವುದಿಲ್ಲ.

ಹೀಗಾಗಿ ಹೊಸ ಕೀಲಿಕೈಗೆ ಎರಡು ಕೆಲಸ ಆಗಬೇಕು. ಒಂದು, ಲೋಹವನ್ನು ಬೀಗಕ್ಕೆ ತಕ್ಕಂತೆ ಕತ್ತರಿಸುವುದು. ಇನ್ನೊಂದು, ಹೊಸ ಚಿಪ್ಪನ್ನು ಕಾರಿಗೆ ಪರಿಚಯ ಮಾಡಿಸುವುದು. ಈ ಎರಡನೆಯದಕ್ಕೆ ಸಾಮಾನ್ಯವಾಗಿ ಚುಕ್ಕಾಣಿಯ ಕೆಳಗಿರುವ ಕಿಂಡಿಗೆ ಯಂತ್ರ ಜೋಡಿಸಬೇಕಾಗುವುದರಿಂದ ಕೀಲಿಕೈಯಷ್ಟೇ ಹೋದರೆ ಸಾಲದು, ಕಾರೇ ಹೋಗಬೇಕು. ಒಂದು ಕೀಲಿಕೈ ಇದ್ದರೆ ಕಾರನ್ನು ಓಡಿಸಿಕೊಂಡೇ ಹೋಗಬಹುದು. ಒಂದೂ ಇಲ್ಲದಿದ್ದರೆ ಲಾರಿಯ ಮೇಲೆ ಹೇರಿಕೊಂಡು ಹೋಗಬೇಕು, ಇಲ್ಲವೆ ಯಂತ್ರದವರನ್ನು ಊರಿಗೇ ಕರೆತರಬೇಕು. ಕೆಲವು ಕಾರುಗಳಲ್ಲಿ ಆಗ ಬೀಗಗಳನ್ನೇ ಬದಲಿಸಬೇಕಾಗಿ ಬರುವುದೂ ಉಂಟು.

ಕಾಗದ ಯಾರ ಹೆಸರಿನಲ್ಲಿದೆ?

ನಮ್ಮ ರೈತರ ಕಾರು ಲಾರಿ ಏರಿ ಬಳ್ಳಾರಿಗೆ ಹೋಯಿತು. ಅಲ್ಲಿ ಕೇಳಿದ ಮೊದಲ ಪ್ರಶ್ನೆ, "ಆರ್.ಸಿ. ಎಲ್ಲಿ?" ಕಾರಿನ ಯಜಮಾನ ತಾನೇ ಎಂದು ತೋರಿಸದವನಿಗೆ ಕೀಲಿಕೈ ಮಾಡಿಕೊಟ್ಟರೆ ಕಳ್ಳನಿಗೆ ಮಾಡಿಕೊಟ್ಟಂತೆಯೇ ಆದೀತು. ಅವರು ಕೇಳಿದ್ದು ನ್ಯಾಯವೇ. ಆದರೆ ಆರ್.ಸಿ. ಇನ್ನೂ ಹಳೆಯ ಯಜಮಾನರ ಹೆಸರಿನಲ್ಲಿತ್ತು. ಅವರ ಒಪ್ಪಿಗೆ ಪತ್ರ, ಗುರುತಿನ ಚೀಟಿ, ಕಳೆದುಹೋದ ಬಗ್ಗೆ ಪೊಲೀಸ್ ರಸೀತಿ ಇವಿಷ್ಟೂ ಬೇಕಾದವು.

ಗಡಿ ದಾಟಿಸಿ ಕಾರು ಕೊಳ್ಳುವವರೆಲ್ಲ ಇದನ್ನು ಗಮನಿಸಬೇಕು. 1988ರ ಮೋಟಾರು ವಾಹನ ಕಾಯಿದೆಯಂತೆ ಕೊಂಡವನು 30 ದಿನಗಳೊಳಗೆ ವರ್ಗಾವಣೆಯನ್ನು ತಿಳಿಸಬೇಕು; ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವ ವಾಹನಕ್ಕೆ ಅಲ್ಲಿಯ ಹೊಸ ಸಂಖ್ಯೆ ಪಡೆಯಬೇಕು. ಅದಕ್ಕೆ ಹಳೆಯ ಕಚೇರಿಯಿಂದ 28ನೆಯ ನಮೂನೆಯ ನಿರಾಕ್ಷೇಪಣಾ ಪತ್ರ ಬೇಕು. "ಮುಂದೆ ನೋಡೋಣ" ಎಂದು ತೆರಿಗೆ ಉಳಿಸುವವರಿಗೆ ಕೀಲಿಕೈ ಕಳೆದ ದಿನ ಅದರ ಬಡ್ಡಿ ಸೇರಿ ಬೀಳುತ್ತದೆ.

ಅರ್ಜಿಯ ಭಾಷೆ

ಪೊಲೀಸ್ ರಸೀತಿಗೆ ಅರ್ಜಿಯನ್ನು ಕಾಸು ಕೊಟ್ಟು ತೆಲುಗಿನಲ್ಲಿ ಬರೆಸಿದ್ದರು. ರೈತರು ಓದದೆ ರುಜು ಮಾಡಿದ್ದರು. ತೆಲುಗು ಲಿಪಿ ನಮ್ಮ ಲಿಪಿಯ ಅಕ್ಕನಂತಿರುವುದರಿಂದ ಅರ್ಧ ಓದಬಹುದು. ಅರ್ಧ ಓದಿ ಪೂರ್ತಿ ತಿಳಿಯಿತೆಂದುಕೊಳ್ಳುವುದೇ ಅಪಾಯ. ಕೀಲಿಕೈ ಕಳೆದಿದೆ ಎಂಬಲ್ಲಿ ಕಾರೇ ಕಳೆದಿದೆ ಎಂಬ ಅರ್ಥ ಬರುವಂತಿತ್ತು, ಚಾಸಿ ಸಂಖ್ಯೆಯಲ್ಲೂ ಒಂದು ಅಂಕಿ ತಪ್ಪಿತ್ತು. ಕಾಗದ ಬಳ್ಳಾರಿಯಿಂದ ಹಿಂತಿರುಗಿತು. ಎರಡನೆಯ ಅರ್ಜಿಯನ್ನು ನಾವು ಕೂತು ಬರೆದೆವು: ಎಡಕ್ಕೆ ಕನ್ನಡ, ಬಲಕ್ಕೆ ತೆಲುಗು. ಅದು ನಡೆಯಿತು. ಅಷ್ಟರಲ್ಲಿ ಎರಡು ವಾರ ಕಳೆದಿದ್ದವು. ಲಾರಿಯ ಬಾಡಿಗೆಯೇ ಕೀಲಿಕೈಯ ಬೆಲೆಯ ಹತ್ತಿರಕ್ಕೆ ಬಂದಿತ್ತು.

ಮಲಯಾಳದ ಲಿಪಿಯಲ್ಲಿ ನಿಮಗೆ ಆ ಅರ್ಧ ಓದಿನ ಅನುಕೂಲವೂ ಇಲ್ಲ. ನಮ್ಮ ಸಂವಿಧಾನದ 350ನೆಯ ವಿಧಿ, ಕುಂದುಕೊರತೆಯ ಅರ್ಜಿಯನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಟ್ಟಿದೆ. ಹಕ್ಕು ಇದೆಯೆಂದು ಜಗಳಕ್ಕೆ ನಿಲ್ಲಬೇಕಾಗಿಲ್ಲ. ಕನ್ನಡದಲ್ಲಿ ಬರೆದು, ಅನುವಾದವನ್ನೂ ಜೊತೆಗಿರಿಸಿದರೆ ಕೆಲಸ ಸುಗಮ. ತನಗೆ ಓದಲು ಬಾರದ ಕಾಗದಕ್ಕೆ ಮಾತ್ರ, ಒಬ್ಬರಿಂದ ಓದಿಸಿ ಕೇಳದೆ, ಯಾರೂ ರುಜು ಹಾಕಬಾರದು.

ಇಂದೇ ಮಾಡಬೇಕಾದದ್ದು

ಮನೆಯಲ್ಲಿ ಕಾರಿನ ಕೀಲಿಕೈ ಎಷ್ಟಿವೆ ಎಂದು ಎಣಿಸಿ ನೋಡಿ. ಒಂದೇ ಇದ್ದರೆ, ಅದು ಕೈಯಲ್ಲಿರುವಾಗಲೇ ಎರಡನೆಯದನ್ನು ಮಾಡಿಸಿ. ಹೊಸ ಕಾರಿನ ಕೀಲಿಕೈಗೆ ಕಟ್ಟಿ ಕೊಟ್ಟ, ಸಂಖ್ಯೆ ಕೊರೆದ ಪುಟ್ಟ ಬಿಲ್ಲೆ ಇದ್ದರೆ ಬಿಸಾಡದೆ ಕಾಗದಗಳೊಡನೆ ಇಡಿ. ಲೋಹ ಕತ್ತರಿಸಲು ಆ ಸಂಖ್ಯೆ ಸಾಕಾಗುತ್ತದೆ. ಹೊಸದನ್ನು ಮಾಡಿಸಲು ಹೋಗುವಾಗ ಇರುವ ಕೀಲಿಕೈಗಳನ್ನೆಲ್ಲ ಒಯ್ಯಿರಿ. ಕೆಲವು ಕಾರುಗಳಲ್ಲಿ ಹೊಸದನ್ನು ಸೇರಿಸುವಾಗ ಹಳೆಯವು ಅಳಿಸಿಹೋಗುತ್ತವೆ. ಎಲ್ಲವನ್ನೂ ಒಟ್ಟಿಗೆ ಮತ್ತೆ ಸೇರಿಸಬೇಕಾಗುತ್ತದೆ. ಹಳೆಯ ಕಾರು ಕೊಂಡವರು ಇದೇ ಉಪಾಯದಿಂದ, ಹಿಂದಿನವರ ಬಳಿ ಉಳಿದಿರಬಹುದಾದ ಕೀಲಿಕೈಯನ್ನು ಕಾರಿನ ನೆನಪಿನಿಂದ ತೆಗೆಸಿಹಾಕಬಹುದು.

ವಿಮೆಯ ಮಾತನ್ನೂ ಮರೆಯಬಾರದು. ಕಾರು ಕಳುವಾದರೆ ವಿಮಾ ಕಂಪೆನಿಯವರು ಸಾಮಾನ್ಯವಾಗಿ ಎರಡೂ ಕೀಲಿಕೈಗಳನ್ನು ಕೇಳುತ್ತಾರೆ. ಒಂದು ಮೊದಲೇ ಕಳೆದಿದ್ದರೆ, ಕಳೆದ ದಿನವೇ ಕೊಟ್ಟ ದೂರಿನ ಪ್ರತಿಯೇ ಅದಕ್ಕೆ ಸಾಕ್ಷಿ.

ಎರಡನೆಯ ಕೀಲಿಕೈಯನ್ನು ಮಾಡಿಸಿದ ಮೇಲೆ ಮೊದಲನೆಯದರ ಗೊಂಚಲಿನಲ್ಲೇ ಕಟ್ಟಬೇಡಿ. ಅದರ ಜಾಗ ಇಂದಿಗೂ ದೇವರ ಗೂಡೇ.