ಅಡುಗೆಮನೆಯ ಕತ್ತಿಗೆ ಯಾವ ಉಕ್ಕು, ಎಂಥ ಹದ?

ಸಾವಿರ ಎಲೆಯ ಊಟಕ್ಕೆ ಮೂಟೆಗಟ್ಟಲೆ ತರಕಾರಿ ಹೆಚ್ಚಿಸುವ ನಾವು ಕತ್ತಿ, ಚಾಕುಗಳ ಖರ್ಚನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆದರೆ ಮೊಂಡು ಅಲಗಿಗೆ ಹೆಚ್ಚು ಬಲ ಹಾಕಬೇಕು, ಅದು ಜಾರುತ್ತದೆ. ಕೊಯ್ಯುವುದು ನಮ್ಮ ಹುಡುಗರ ಬೆರಳನ್ನು.

ದೆಹಲಿಯ ರಸ್ತೆ ಬದಿಗಳಲ್ಲಿ ಕುಲುಮೆ ಹೂಡಿರುವ ಗಾಡಿಯಾ ಲೋಹಾರರನ್ನು ಸದಸ್ಯರು ನೋಡಿಯೇ ಇರುತ್ತೀರಿ. 1568ರಲ್ಲಿ ಚಿತ್ತೋರ್ ಅಕ್ಬರನ ವಶವಾದಾಗ ಊರು ಬಿಟ್ಟವರು ತಾವೆಂದು ಅವರು ಹೇಳಿಕೊಳ್ಳುತ್ತಾರೆ. 1955ರಲ್ಲಿ ಪ್ರಧಾನಿ ನೆಹರೂ ಸಮ್ಮುಖದಲ್ಲಿ ಮತ್ತೆ ಆ ಕೋಟೆ ಹೊಕ್ಕರು. ಯಂತ್ರದ ಅಗ್ಗದ ಸಾಮಾನು ಇವರ ಕಸುಬನ್ನು ಕುಗ್ಗಿಸಿದೆ. ಬೇಕಾದ ಅಳತೆಯ ಕತ್ತಿಯನ್ನು ಇವರಿಂದ ಮಾಡಿಸಿಕೊಳ್ಳಬಹುದು. ಆದರೆ ಉಕ್ಕು ಯಾವುದೆಂದು ನಾವೇ ಹೇಳಬೇಕು.

ಉಕ್ಕಿನ ಆಯ್ಕೆ: ಕಟ್ಟಡದ ಸರಳು ಬೇಡ. ಇಂಗಾಲ ಕಡಿಮೆ ಇರುವ ಕಬ್ಬಿಣ ಎಷ್ಟು ಕಾಯಿಸಿ ಅದ್ದಿದರೂ ಗಟ್ಟಿಯಾಗದು. ಮೆಹರೌಲಿಯ ಕಬ್ಬಿಣದ ಕಂಬ ಸುಮಾರು 1600 ವರ್ಷ ನಿಂತಿದ್ದರೂ ಅದರಿಂದ ಒಳ್ಳೆಯ ಚಾಕು ಆಗುತ್ತಿರಲಿಲ್ಲ! ಲಾರಿಯ ಕಮಾನು ಪಟ್ಟಿ ಉತ್ತಮ. ಅದರಲ್ಲಿ ಸುಮಾರು ಶೇ. 0.5ರಿಂದ 0.6 ಇಂಗಾಲವಿರುತ್ತದೆ. ಮಾಯಾಪುರಿಯ ಗುಜರಿಯಲ್ಲಿ ಕೊಳ್ಳುವಾಗ ಬಿರುಕಿಲ್ಲದ್ದನ್ನು ಆರಿಸಿ. ಸತು ಲೇಪಿಸಿದ್ದನ್ನು ಕುಲುಮೆಗೆ ಹಾಕಬಾರದು, ಅದರ ಹೊಗೆ ವಿಷ.

ಹದ: ಅಲಗನ್ನು ಅಯಸ್ಕಾಂತ ಅಂಟದಷ್ಟು (ಸುಮಾರು 770 ಡಿಗ್ರಿ) ಕಾಯಿಸಿ, ಅದಕ್ಕಿಂತ ತುಸು ಹೆಚ್ಚು ಕೆಂಪಾದೊಡನೆ ಬೆಚ್ಚಗಿನ ಎಣ್ಣೆಯಲ್ಲಿ ಅದ್ದಬೇಕು. ನೀರಿನಲ್ಲಿ ಅದ್ದಿದರೆ ಸೀಳುವ ಭಯ. ಕರಿದು ಬಿಟ್ಟ ಎಣ್ಣೆಯನ್ನು ಸೋಸಿ ಇದಕ್ಕೆ ಬಳಸಬಹುದು. ಉರಿ ಹತ್ತಬಹುದಾದ್ದರಿಂದ ಕಬ್ಬಿಣದ ಪಾತ್ರೆ, ಮುಚ್ಚಳ ಪಕ್ಕದಲ್ಲಿರಲಿ. ಅರ ಉಜ್ಜಿದರೆ ಜಾರಬೇಕು, ಹಾಗಾದರೆ ಗಟ್ಟಿಯಾಗಿದೆ ಎಂದರ್ಥ. ಇಷ್ಟಕ್ಕೇ ಬಿಟ್ಟರೆ ಕೆಳಗೆ ಬಿದ್ದಾಗ ಗಾಜಿನಂತೆ ಮುರಿದೀತು. ಆದ್ದರಿಂದ ಒಡನೆಯೇ ಬೇಕರಿ ಓವನ್‌ನಲ್ಲಿ 200 ಡಿಗ್ರಿಯಲ್ಲಿ ಒಂದೊಂದು ಗಂಟೆಯಂತೆ ಎರಡು ಬಾರಿ ಇಡಿ. ಉಜ್ಜಿ ಹೊಳಪಾಗಿಸಿದ ಅಲಗಿಗೆ ಒಣಹುಲ್ಲಿನ ಬಣ್ಣ ಬರುತ್ತದೆ. ಮುಂದೆ ಸಾಣೆ ಹಿಡಿಸುವಾಗ ಪದೇ ಪದೇ ನೀರಿಗೆ ಅದ್ದಿಸಿ. ಅಂಚು ನೀಲಿಯಾದರೆ ಹದ ಹೋಯಿತೆಂದೇ ತಿಳಿಯಿರಿ.

ಎಲ್ಲಿ ಯಾವುದು: ಈ ಉಕ್ಕು ತುಕ್ಕು ಹಿಡಿಯುತ್ತದೆ, ಹುಣಸೆ-ನಿಂಬೆ ತಗುಲಿದರೆ ಕಪ್ಪಾಗುತ್ತದೆ. ಆಹಾರಕ್ಕೆ ತಗಲುವ ಪರಿಕರ ತುಕ್ಕುರಹಿತವಾಗಿರಬೇಕೆಂದು 2011ರ ಆಹಾರ ಸುರಕ್ಷತಾ ಪರವಾನಗಿ ನಿಯಮಗಳು ಹೇಳುತ್ತವೆ. ಆದಕಾರಣ ಮಾಡಿಸಿದ ಕತ್ತಿಯನ್ನು ಬಾಳೆಗೊನೆ, ಎಲೆ, ತೆಂಗಿನ ಸಿಪ್ಪೆ, ಹಲಸಿನ ಹೊರಮೈಯಂಥ ಹೊರಗೆಲಸಕ್ಕೆ ಇಡಿ. ಹೆಚ್ಚುವುದಕ್ಕೆ ಸ್ಟೇನ್‌ಲೆಸ್ ಚಾಕುವೇ ಆಗಬೇಕು. ಅದರ ಹದಕ್ಕೆ 1000 ಡಿಗ್ರಿಗೂ ಮೀರಿದ, ನಿಯಂತ್ರಿತ ಶಾಖ ಬೇಕಾದ್ದರಿಂದ ಸಿದ್ಧವಾದದ್ದನ್ನೇ ಕೊಳ್ಳಿ. ಪಾತ್ರೆಗೆ ಬಳಸುವ 304 ದರ್ಜೆ ಅಲಗಿಗೆ ಬಾರದು, 420 ಅಥವಾ 440 ಕೇಳಿ.

ಲೋಹಾರರೊಂದಿಗೆ ದರ ಮಾತಾಡುವಾಗ ಕಬ್ಬಿಣದ ತೂಕವನ್ನಷ್ಟೇ ನೋಡದೆ, ಹದ ಹಾಕುವ ಕೆಲಸಕ್ಕೂ ತಕ್ಕ ಕೂಲಿ ಕೊಡೋಣ.