ಹೊಲಕ್ಕೆ ಬರುವ ವಿದ್ಯೆ, ಊರಿಗೆ ಬಾರದ ವಿದ್ಯೆ

ಬಬ್ಬೂರು ಫಾರಂ ಎಂದರೆ ಹಿರಿಯೂರು ಸೀಮೆಯ ರೈತರಿಗೆ ಬೇರೆ ಪರಿಚಯ ಬೇಕಿಲ್ಲ. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದ ವಲಯ ಸಂಶೋಧನಾ ಕೇಂದ್ರ ಅಲ್ಲಿದೆ. ಕೃಷಿ ವಿಜ್ಞಾನ ಕೇಂದ್ರವೂ ಅಲ್ಲೇ ಇದೆ. ಶೇಂಗಾದ ಹೊಸ ತಳಿಯೊಂದು ಸಿದ್ಧವಾದರೆ ಅದರ ವಿವರ ವರದಿಯಾಗಿ ಕಪಾಟು ಸೇರಿದರೆ ಸಾಲದು, ಅದು ಹೊಲಕ್ಕೆ ಹೋಗಬೇಕು ಎಂಬುದು ಇಂಥ ಕೇಂದ್ರಗಳ ಮೂಲ ನಿಯಮ. ರೈತನ ಮಣ್ಣಿನಲ್ಲೇ ಬಿತ್ತಿ, ಸುತ್ತಲಿನವರನ್ನು ಕರೆದು ತೋರಿಸಿ, ಅವರ ಪ್ರಶ್ನೆಗಳಿಗೆ ಉತ್ತರ ಕೊಡುವುದಕ್ಕೆ ಪ್ರಾತ್ಯಕ್ಷಿಕೆ ಎಂದು ಹೆಸರು. 1974ರಲ್ಲಿ ಪುದುಚೇರಿಯಲ್ಲಿ ಆರಂಭವಾದ ಕೃಷಿ ವಿಜ್ಞಾನ ಕೇಂದ್ರಗಳ ಸಂಖ್ಯೆ ಇವತ್ತು ದೇಶದಲ್ಲಿ 700 ದಾಟಿದೆ. ಬೆಳೆಯ ವಿದ್ಯೆಗೆ ನಾವು ಇಷ್ಟು ದೊಡ್ಡ ವ್ಯವಸ್ಥೆ ಕಟ್ಟಿದ್ದೇವೆ, ಅದು ಸರಿಯೂ ಹೌದು. ಆದರೆ ಇತಿಹಾಸ, ಸಾಹಿತ್ಯ, ತತ್ತ್ವಶಾಸ್ತ್ರ, ಭಾಷೆಯ ಅಧ್ಯಯನ, ಅಂದರೆ ವಿಶ್ವವಿದ್ಯಾಲಯಗಳು ಮಾನವಿಕ ವಿದ್ಯೆಗಳೆಂದು ಕರೆಯುವ ಇವೆಲ್ಲ ಊರಿಗೆ ಬರುವ ದಾರಿ ಯಾವುದು? ಬಿ.ಎ. ತರಗತಿ ಮುಗಿದ ಮೇಲೆ ಅವು ಯಾರ ಮನೆಯ ಬಾಗಿಲು ತಟ್ಟುತ್ತವೆ? ಈ ವಿದ್ಯೆಗಳಿಗೂ ತಾಲ್ಲೂಕು ಮಟ್ಟದಲ್ಲಿ ಒಂದು ಪ್ರಾತ್ಯಕ್ಷಿಕೆ ಬೇಕು, ಅದನ್ನು ನಡೆಸಲು ಸ್ಥಳೀಯರೇ ಕಟ್ಟಿದ, ಲಾಭದ ಉದ್ದೇಶವಿಲ್ಲದ ಸಂಸ್ಥೆ ಬೇಕು ಎಂಬುದು ಈ ಲೇಖನದ ವಾದ.

ಚಿತ್ರದುರ್ಗ ಜಿಲ್ಲೆಯಲ್ಲಿ ಇದಕ್ಕೆ ಸಾಮಗ್ರಿಯ ಕೊರತೆ ಇಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ, ಬಿ.ಎಲ್. ರೈಸ್ ಅವನ್ನು 1892ರಲ್ಲಿ ಬೆಳಕಿಗೆ ತಂದರು. ಚಂದ್ರವಳ್ಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ, ಅದು ಹೇಳುವುದು ಒಂದು ಕೆರೆಯ ಸಂಗತಿ. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ, ಆದರೂ ಜಾನಪದ ವಿದ್ವಾಂಸರು ಬರೆದುಕೊಂಡು ಸುಸ್ತಾಗುವಷ್ಟು ಹಾಡುಗಳು ಅವರ ನಾಲಿಗೆಯ ಮೇಲಿದ್ದವು. ಅದೇ ತಾಲ್ಲೂಕಿನ ತಳುಕು ವಿದ್ವಾಂಸ ಟಿ.ಎಸ್. ವೆಂಕಣ್ಣಯ್ಯನವರನ್ನೂ ಕಾದಂಬರಿಕಾರ ತ.ರಾ.ಸು. ಅವರನ್ನೂ ಕೊಟ್ಟಿತು. ದುರ್ಗದ ಪಾಳೆಯಗಾರರನ್ನು ಜನ ಬಲ್ಲದ್ದು ಬಹುಮಟ್ಟಿಗೆ ತ.ರಾ.ಸು. ಕಾದಂಬರಿಗಳಿಂದ, ದುರ್ಗದ ಕೋಟೆಗಾಗಿ ಒನಕೆ ಹಿಡಿದು ಹೋರಾಡಿದ ಓಬವ್ವನ ಚಿತ್ರ ಮನಸ್ಸಿನಲ್ಲಿ ಅಚ್ಚೊತ್ತಿದ್ದು 1972ರ ‘ನಾಗರಹಾವು’ ಸಿನಿಮಾದಿಂದ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಕಾದಂಬರಿ ಎಲ್ಲಿ ನಿಲ್ಲುತ್ತದೆ, ದಾಖಲೆ ಎಲ್ಲಿಂದ ಶುರುವಾಗುತ್ತದೆ, ಜನರ ನೆನಪಿಗೆ ಇತಿಹಾಸದಲ್ಲಿ ಎಷ್ಟು ತೂಕ ಕೊಡಬೇಕು ಎಂಬ ಮಾತುಕತೆ ಕೋಟೆಯ ಬುಡದಲ್ಲಿ ಬದುಕುವ ಜನರ ನಡುವೆಯೇ ನಡೆಯಬೇಕಲ್ಲವೆ? ಅದು ಪಿಎಚ್.ಡಿ. ಪ್ರಬಂಧದೊಳಗೆ ಮುಗಿದುಹೋದರೆ ಊರಿಗೆ ಉಳಿಯುವುದು ಘೋಷಣೆ ಮಾತ್ರ.

ಇಂಥ ಕೆಲಸ ಕನ್ನಡ ನಾಡಿಗೆ ಹೊಸದಲ್ಲ. ರಾ.ಹ. ದೇಶಪಾಂಡೆಯವರು 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದರು. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ತಾಲ್ಲೂಕುಗಳವರೆಗೂ ಘಟಕಗಳನ್ನು ಚಾಚಿತು. ಅದರ 75ನೆಯ ಸಮ್ಮೇಳನ 2009ರಲ್ಲಿ ಎಲ್. ಬಸವರಾಜು ಅವರ ಅಧ್ಯಕ್ಷತೆಯಲ್ಲಿ ಚಿತ್ರದುರ್ಗದಲ್ಲೇ ನಡೆಯಿತು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಆರಂಭವಾದ ನೀನಾಸಂ ಅಡಿಕೆ ತೋಟಗಳ ನಡುವೆ ಜಗತ್ತಿನ ಸಿನಿಮಾ ತೋರಿಸಿತು, ಸಂಸ್ಕೃತಿ ಶಿಬಿರಗಳಲ್ಲಿ ರೈತ, ಶಿಕ್ಷಕ, ಪ್ರಾಧ್ಯಾಪಕರನ್ನು ಒಟ್ಟಿಗೆ ಕೂರಿಸಿತು. ಅದರ ಹಿಂದಿನ ಶಕ್ತಿಯಾಗಿದ್ದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬಬ್ಬೂರಿನವರು ಅಷ್ಟು ದೂರ ನೋಡಬೇಕಾಗಿಯೂ ಇಲ್ಲ. ಪಕ್ಕದ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಅಲ್ಲಿನ ಮಠದ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರು 1987ರಲ್ಲಿ ಶಿವಕುಮಾರ ಕಲಾಸಂಘವನ್ನೂ ಹತ್ತು ವರ್ಷಗಳ ತರುವಾಯ ಶಿವಸಂಚಾರ ಎಂಬ ತಿರುಗಾಟದ ರಂಗತಂಡವನ್ನೂ ಆರಂಭಿಸಿದರು. ಕಲಾವಿದರು ತಿಂಗಳುಗಟ್ಟಲೆ ಅಲ್ಲೇ ಉಳಿದು ತಾಲೀಮು ಮಾಡುತ್ತಾರೆ, ನವೆಂಬರಿನ ನಾಟಕೋತ್ಸವ ಮುಗಿದೊಡನೆ ವರ್ಷದ ಮೂರು ನಾಟಕಗಳನ್ನು ಹೊತ್ತು ನಾಡು ಸುತ್ತಲು ಹೊರಡುತ್ತಾರೆ. 2019ರ ಆಗಸ್ಟ್ ತಿಂಗಳಿಡೀ ನಡೆದ ‘ಮತ್ತೆ ಕಲ್ಯಾಣ’ ಅಭಿಯಾನ ತರೀಕೆರೆಯಿಂದ ಬಸವಕಲ್ಯಾಣದವರೆಗೆ ಸಾಗಿತು; ಹೋದಲ್ಲೆಲ್ಲ ವಿದ್ಯಾರ್ಥಿಗಳ ಜೊತೆ ಸಂವಾದ, ಸಾರ್ವಜನಿಕ ಸಭೆ, ಸಂಜೆ ನಾಟಕ. ಆ ಅಭಿಯಾನದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಸಂವಾದದ ಭಾಗ. ಹನ್ನೆರಡನೆಯ ಶತಮಾನದ ವಚನಕಾರರ ಬಗ್ಗೆ ಭಾಷಣ ಮಾಡುವುದು ಸುಲಭ; ಕಾಲೇಜು ಹುಡುಗಿಯೊಬ್ಬಳು ಎದ್ದು ನಿಂತು ಜಾತಿಯ ಬಗ್ಗೆ, ದೇವರ ಬಗ್ಗೆ ನೇರ ಪ್ರಶ್ನೆ ಕೇಳಲು ಅವಕಾಶ ಕೊಡುವುದು ಕಷ್ಟ. ಪ್ರಶ್ನೆ ಕೇಳಿಸಿಕೊಂಡಾಗಲೇ ವಿದ್ಯೆ ಸಾರ್ವಜನಿಕವಾಗುತ್ತದೆ.

ಬರದ ಜಿಲ್ಲೆಗೆ ಮೊದಲು ನೀರು ಬೇಕು, ಸಾಹಿತ್ಯ ಚರ್ಚೆ ಆಮೇಲೆ ಎಂಬ ಆಕ್ಷೇಪ ಇದ್ದೇ ಇದೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ನೀರಿನ ಕಥೆಯನ್ನೇ ತೆಗೆದುಕೊಳ್ಳೋಣ. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಪೂರ್ಣಗೊಂಡಿತು. 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬೀಳಲು 2022ರ ಸೆಪ್ಟೆಂಬರ್‌ವರೆಗೆ, 89 ವರ್ಷ, ಕಾಯಬೇಕಾಯಿತು. ಹಿರಿಯೂರಿನಲ್ಲಿ ಜನ ಬಾಗಿನ ಅರ್ಪಿಸಿ ಸಂಭ್ರಮಿಸಿದರು. ಅದೇ ನೀರು ಹಿಂದಕ್ಕೆ ನಿಂತು ಹೊಸದುರ್ಗ ತಾಲ್ಲೂಕಿನ ರೈತರ ಜಮೀನು, ತೋಟಗಳಿಗೆ ನುಗ್ಗಿತು, ಮಟ್ಟ ಇಳಿಸಿ ಎಂದು ಅವರು ಕೂಗಿಕೊಂಡರು. ಎಷ್ಟು ಅಡಿ ನೀರು ನಿಲ್ಲಿಸಬೇಕು ಎಂಬುದಕ್ಕೆ ಎಂಜಿನಿಯರು ಲೆಕ್ಕ ಕೊಡಬಲ್ಲರು. ಒಬ್ಬರ ಹಬ್ಬ ಇನ್ನೊಬ್ಬರ ನಷ್ಟವಾದಾಗ ನ್ಯಾಯ ಯಾವುದು, ನೂರು ವರ್ಷದ ಹಿಂದೆ ಅಣೆಕಟ್ಟೆ ಕಟ್ಟುವಾಗ ಯಾರ ಊರು ಮುಳುಗಿತು, ಆ ಜನಕ್ಕೆ ಏನು ಮಾತು ಕೊಡಲಾಗಿತ್ತು, ಮೂರು ತಲೆಮಾರು ನೀರು ಬಾರದ ಅಂಚಿನಲ್ಲಿ ಉಳುಮೆ ಮಾಡಿದವರ ಹಕ್ಕೇನು ಎಂಬ ಪ್ರಶ್ನೆಗಳಿಗೆ ಆ ಲೆಕ್ಕದಲ್ಲಿ ಉತ್ತರವಿಲ್ಲ. ಅವು ಇತಿಹಾಸದ, ನೀತಿಯ, ಭಾಷೆಯ ಪ್ರಶ್ನೆಗಳು. ಎರಡೂ ತಾಲ್ಲೂಕಿನವರು ಹಳೆಯ ದಾಖಲೆ ಮುಂದಿಟ್ಟುಕೊಂಡು ಕೂತು ಮಾತಾಡುವ ಜಾಗ ಇಲ್ಲದಿದ್ದರೆ ಆ ಜಗಳ ರಸ್ತೆಗೆ ಬರುತ್ತದೆ. ನೀರಿಗೂ ಮಾನವಿಕ ವಿದ್ಯೆಗೂ ಸಂಬಂಧವಿಲ್ಲ ಎನ್ನುವವರು ಚಂದ್ರವಳ್ಳಿಯ ಬಂಡೆಯನ್ನೂ ಒಮ್ಮೆ ನೆನೆಯಬೇಕು.

ಇದನ್ನು ಸರ್ಕಾರವೇ ಮಾಡಲಿ, ಅದಕ್ಕೆಂದೇ ಇಲಾಖೆ ಇದೆಯಲ್ಲ ಎನ್ನುವವರೂ ಇದ್ದಾರೆ. ಅನುದಾನ ಬೇಕು, ನಿಜ. ಆದರೆ ಅದೊಂದನ್ನೇ ನೆಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಉದಾಹರಣೆ ಇದೆ. ಅಲ್ಲಿ 1965ರ ಕಾಯಿದೆಯಿಂದ ಮಾನವಿಕ ವಿದ್ಯೆಗಳಿಗಾಗಿ ರಾಷ್ಟ್ರೀಯ ನಿಧಿ ಹುಟ್ಟಿತು. ಮುಂದೆ ಅದರ ಅನುದಾನದ ಬಲದಿಂದ ಪ್ರತಿ ರಾಜ್ಯದಲ್ಲೂ ಇತರ ಆಡಳಿತ ಪ್ರದೇಶಗಳಲ್ಲೂ ಸ್ವತಂತ್ರ ಮಂಡಳಿಗಳು ಬಂದವು. ಇಂಥ 56 ಮಂಡಳಿಗಳು ಗ್ರಂಥಾಲಯ, ಮ್ಯೂಸಿಯಂ, ಸಣ್ಣ ಊರುಗಳಲ್ಲಿ ಓದು ಮತ್ತು ಚರ್ಚೆ ನಡೆಸುತ್ತಿದ್ದವು. 2025ರ ಏಪ್ರಿಲ್‌ನಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಏಕಾಏಕಿ ಅವುಗಳ ಅನುದಾನ ರದ್ದುಪಡಿಸಿದಾಗ ಹಲವು ಕಂಗಾಲಾದವು. ಹಾಗಾದರೆ ಮಠಗಳೇ ಸಾಕೆ ಎಂದರೆ ಅದಕ್ಕೂ ನನ್ನ ಒಪ್ಪಿಗೆ ಇಲ್ಲ. ಸಾಣೇಹಳ್ಳಿಯ ಸಾಧನೆ ದೊಡ್ಡದು, ಅದಕ್ಕೆ ಗೌರವ ಸಲ್ಲಲೇಬೇಕು. ಆದರೂ ಮಠವೊಂದರ ಅಂಗಳಕ್ಕೆ ಬರಲು ಹಿಂಜರಿಯುವವರು ಯಾವ ಊರಲ್ಲೂ ಇರುತ್ತಾರೆ. ಅವರಿಗೂ ಜಾಗ ಬೇಕು. ಸದಸ್ಯರು ಮತ ಹಾಕಿ ಆರಿಸುವ, ಊರಿನವರ ವಂತಿಗೆಯಿಂದ ಅರ್ಧವಾದರೂ ನಡೆಯುವ, ಲೆಕ್ಕವನ್ನು ವರ್ಷಕ್ಕೊಮ್ಮೆ ಸಭೆಯ ಮುಂದಿಡುವ ಸಂಸ್ಥೆ ತಾಲ್ಲೂಕಿಗೊಂದಿರಲಿ. ಸಾಹಿತ್ಯ ಪರಿಷತ್ತಿನ ಘಟಕಗಳು ತಾಲ್ಲೂಕುಗಳಲ್ಲಿ ಈಗಾಗಲೇ ಇವೆ. ಮೆರವಣಿಗೆ, ಸನ್ಮಾನ, ಹಾರ ತುರಾಯಿಗಳಲ್ಲಿ ವರ್ಷ ಕಳೆಯುವ ಬದಲು ಅವು ತಿಂಗಳಿಗೊಂದು ಸಂಜೆಯನ್ನು ಒಂದೇ ವಿಷಯಕ್ಕೆ, ಒಂದೇ ದಾಖಲೆಗೆ, ಪ್ರಶ್ನೋತ್ತರಕ್ಕೆ ಮೀಸಲಿಟ್ಟರೆ ಹೊಸ ಕಟ್ಟಡವೂ ಬೇಡ, ಹೊಸ ಯೋಜನೆಯೂ ಬೇಡ.

ಹಿರಿಯೂರು, ಹೊಸದುರ್ಗದ ಓದುಗರು ತಮ್ಮ ತಾಲ್ಲೂಕು ಘಟಕದ ಮುಂದೆ ಈ ಬೇಡಿಕೆ ಇಡಲಿ: ಮೊದಲ ಸಭೆ ಮಾರಿಕಣಿವೆ ಹಿನ್ನೀರಿನ ಒಂದು ಊರಿನಲ್ಲಿ, ಎರಡನೆಯದು ಅಣೆಕಟ್ಟೆಯ ನಾಲೆಯ ಕೆಳಗಿನ ಒಂದು ಊರಿನಲ್ಲಿ, ಎರಡೂ ಕಡೆ ಎರಡೂ ತಾಲ್ಲೂಕಿನ ಜನ ಎದುರುಬದುರು ಕೂತು.