ನಿಮಗಿದು ಗೊತ್ತೇ? ಕೋಡಾನ್‌ಗಳಲ್ಲೂ ಮುದ್ದಿನವು, ಮೂಲೆಗೆ ಬಿದ್ದವು

ಡಿಎನ್‌ಎಯ ನಾಲ್ಕು ಅಕ್ಷರಗಳನ್ನು (ಎ, ಟಿ, ಜಿ, ಸಿ) ಮೂರು ಮೂರರಂತೆ ಜೋಡಿಸಿದರೆ 64 ಕೋಡಾನ್‌ಗಳಾಗುತ್ತವೆ. ಅವುಗಳಲ್ಲಿ ಮೂರು, ‘ಇಲ್ಲಿಗೆ ನಿಲ್ಲಿಸು’ ಎನ್ನುವುದಕ್ಕೇ ಮೀಸಲು. ಉಳಿದ 61 ಸೇರಿ ಸೂಚಿಸುವುದು ಬರೀ 20 ಅಮೈನೋ ಆಮ್ಲಗಳನ್ನು. ಲ್ಯೂಸಿನ್, ಸಿರೀನ್, ಆರ್ಜಿನಿನ್‌ಗಳಿಗೆ ಆರಾರು ಕೋಡಾನ್‌ಗಳ ಸಿರಿತನ. ಮೆಥಿಯೋನಿನ್ ಮತ್ತು ಟ್ರಿಪ್ಟೊಫ್ಯಾನ್‌ಗೆ ಒಂದೊಂದೇ.

ಆ ಆರೂ ಸಮಾನ ಎಂದುಕೊಂಡಿರಾ? ಮನುಷ್ಯರ ವಂಶವಾಹಿಗಳಲ್ಲಿ ಲ್ಯೂಸಿನ್ ಬೇಕಾದ ಕಡೆ ಸುಮಾರು ಶೇ 40ರಷ್ಟು ಸಲ ಕಾಣುವುದು ಸಿಟಿಜಿ. ಸಿಟಿಎ ಸಿಗುವುದು ಶೇ 7ರ ಆಸುಪಾಸು ಮಾತ್ರ. ಎರಡರಿಂದಲೂ ಪ್ರೋಟೀನಿಗೆ ಸೇರುವುದು ಅದೇ ಲ್ಯೂಸಿನ್! ಕೋಡಾನ್ ಬಳಕೆಯ ಒಲವು ಎಂದು ವಿಜ್ಞಾನಿಗಳು ಕರೆಯುವುದು ಈ ಪಕ್ಷಪಾತವನ್ನೇ.

ಪ್ರತಿ ಜೀವಿಗೂ ತನ್ನದೇ ಒಲವು ಇರುತ್ತದೆಂದು ಫ್ರಾನ್ಸ್‌ನಲ್ಲಿದ್ದ ರಿಚರ್ಡ್ ಗ್ರಂಥಮ್ 1980ರಲ್ಲಿ ತೋರಿಸಿದರು. ಮರುವರ್ಷವೇ ಜಪಾನಿನ ತೋಶಿಮಿಚಿ ಇಕೆಮುರಾ ಒಂದು ಕಾರಣವನ್ನೂ ಹಿಡಿದರು. ಅಮೈನೋ ಆಮ್ಲವನ್ನು ಹೊತ್ತು ತರುವುದು ಟಿ-ಆರ್‌ಎನ್‌ಎ. ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಯಾವ ಟಿ-ಆರ್‌ಎನ್‌ಎ ಹೇರಳವೋ ಅದು ಓದಬಲ್ಲ ಕೋಡಾನ್‌ಗೇ ಹೆಚ್ಚು ಬಳಕೆ. ಅದರಲ್ಲೂ ಭಾರಿ ಪ್ರಮಾಣದಲ್ಲಿ ತಯಾರಾಗುವ ಪ್ರೋಟೀನ್‌ಗಳ ವಂಶವಾಹಿಗಳಲ್ಲಿ ಈ ಒಲವು ಎದ್ದು ಕಾಣುತ್ತದೆ.

ಇದಕ್ಕೆ ಪ್ರಾಣಿಲೋಕದ ಅತಿ ಸೊಗಸಾದ ಉದಾಹರಣೆ ನಮ್ಮ ರಾಮನಗರದ ಮಾರುಕಟ್ಟೆಗೆ ಗೂಡಾಗಿ ಬರುವ ರೇಷ್ಮೆ ಹುಳು. ರೇಷ್ಮೆಯ ಮುಖ್ಯ ಪ್ರೋಟೀನ್ ಫೈಬ್ರೋಯಿನ್. ಅದರ ದೊಡ್ಡ ಸರಪಳಿಯಲ್ಲಿ 5,000ಕ್ಕೂ ಹೆಚ್ಚು ಅಮೈನೋ ಆಮ್ಲಗಳಿದ್ದು, ಸುಮಾರು ಶೇ 46 ಗ್ಲೈಸಿನ್, ಶೇ 30 ಅಲನಿನ್, ಶೇ 12 ಸಿರೀನ್. ಬೇರೆಯವಕ್ಕೆ ಉಳಿಯುವ ಜಾಗ ಎಷ್ಟೆಂದು ನೀವೇ ಲೆಕ್ಕ ಹಾಕಿ. ಐದನೇ ಹಂತದ ಹುಳು ಹಣ್ಣಾಗಿ ಚಂದ್ರಿಕೆ ಏರುವ ಹೊತ್ತಿಗೆ ಅದರ ರೇಷ್ಮೆ ಗ್ರಂಥಿ, ಮದುವೆ ಮನೆಯ ಉಗ್ರಾಣ ತುಂಬಿಸಿಟ್ಟಂತೆ, ಈ ಮೂರು ಆಮ್ಲಗಳ ಟಿ-ಆರ್‌ಎನ್‌ಎಗಳನ್ನು ರಾಶಿ ಹಾಕಿಕೊಂಡಿರುತ್ತದೆ. ಅಲನಿನ್‌ಗಂತೂ ರೇಷ್ಮೆ ಗ್ರಂಥಿಯಲ್ಲೇ ವಿಶೇಷವಾಗಿ ತಯಾರಾಗುವ ಟಿ-ಆರ್‌ಎನ್‌ಎ ಒಂದಿದೆ.

ಒಲವನ್ನು ಕೆಡಿಸಿದರೆ ಏನಾದೀತು? ಡೇವಿಡ್ ಕಾರ್ಲಿನಿ ಮತ್ತು ವೋಲ್ಫ್‌ಗಾಂಗ್ ಸ್ಟೆಫನ್ ಹಣ್ಣುನೊಣದಲ್ಲಿ ಪರೀಕ್ಷಿಸಿಯೇಬಿಟ್ಟರು. ಮದ್ಯಸಾರವನ್ನು ಅರಗಿಸುವ ಕಿಣ್ವದ ವಂಶವಾಹಿಯಲ್ಲಿ ನೊಣಕ್ಕೆ ಇಷ್ಟದ ಲ್ಯೂಸಿನ್ ಕೋಡಾನ್‌ಗಳನ್ನು ತೆಗೆದು, ಅದು ಅಪರೂಪಕ್ಕೆ ಬಳಸುವವನ್ನು ಕೂರಿಸಿದರು. 2003ರಲ್ಲಿ ಬಂದ ಫಲಿತಾಂಶ ಇಷ್ಟು: ಕಿಣ್ವದ ರಚನೆಯಲ್ಲಿ ಒಂದು ಆಮ್ಲವೂ ಬದಲಾಗಲಿಲ್ಲ, ಆದರೆ ನೊಣದಲ್ಲಿ ಕಿಣ್ವದ ಚಟುವಟಿಕೆ ಕುಸಿಯಿತು.

ಹಾಗೆಂದು ಎಲ್ಲ ಒಲವಿಗೂ ಲಾಭದ ಕಾರಣ ಹುಡುಕುತ್ತ ಹೋದರೆ ಎಡವುತ್ತೇವೆ. ನಮ್ಮಲ್ಲೇ ನೋಡಿ. ಸಿರೀನ್‌ಗೆ ಟಿಸಿಜಿ, ಪ್ರೋಲಿನ್‌ಗೆ ಸಿಸಿಜಿ, ಅಲನಿನ್‌ಗೆ ಜಿಸಿಜಿ, ಥ್ರಿಯೋನಿನ್‌ಗೆ ಎಸಿಜಿ: ನಾಲ್ಕೂ ಆಯಾ ಗುಂಪಿನಲ್ಲಿ ಅತಿ ಕಡಿಮೆ ಬಳಕೆಯವು, ನಾಲ್ಕೂ ಮುಗಿಯುವುದು ‘ಸಿಜಿ’ಯಲ್ಲಿ. ಬೆನ್ನೆಲುಬಿನ ಪ್ರಾಣಿಗಳಲ್ಲಿ ಜಿ ಪಕ್ಕದ ಸಿಗೆ ಮೀಥೈಲ್ ಗುಂಪು ಅಂಟಿಕೊಳ್ಳುತ್ತದೆ, ಹಾಗೆ ಅಂಟಿಸಿಕೊಂಡ ಸಿ ಸುಲಭವಾಗಿ ಟಿ ಆಗಿಬಿಡುತ್ತದೆ. ಕೋಟ್ಯಂತರ ವರ್ಷಗಳಲ್ಲಿ ಸಿಜಿ ಜೋಡಿಗಳು ಹೀಗೇ ಸವೆದುಹೋದವು. ಇದು ಬರೀ ರಸಾಯನಶಾಸ್ತ್ರ, ಜಾಣತನವೇನಲ್ಲ.

ಜೇನುನೊಣದ ಜೀನೋಮ್‌ನಲ್ಲಿ ಎ ಮತ್ತು ಟಿ ಅಕ್ಷರಗಳದೇ ಶೇ 67ರಷ್ಟು ಪಾಲು. ಕೋಡಾನ್‌ಗಳ ಕೊನೆಯಲ್ಲೂ ಅವುಗಳದೇ ಕಾರುಬಾರು.

ಗಿಡಗಳಲ್ಲಿ ಎರಡು ಪಂಗಡ. ಬಟಾಣಿ, ತಂಬಾಕು, ಪ್ರಯೋಗಾಲಯಗಳ ನೆಚ್ಚಿನ ಅರಾಬಿಡಾಪ್ಸಿಸ್‌ನಂಥ ದ್ವಿದಳ ಸಸ್ಯಗಳು ಕೊನೆಯಕ್ಷರ ಎ ಅಥವಾ ಟಿ ಇರುವ ಕೋಡಾನ್‌ಗಳ ಕಡೆ ವಾಲುತ್ತವೆ. ಭತ್ತ, ಜೋಳ, ಮೆಕ್ಕೆಜೋಳದಂಥ ಹುಲ್ಲಿನ ಜಾತಿಯವುಗಳ ಎಷ್ಟೋ ವಂಶವಾಹಿಗಳಿಗೆ ಜಿ, ಸಿ ಇಷ್ಟ. ಭತ್ತದ್ದು ಇನ್ನೂ ವಿಚಿತ್ರ: ಅನೇಕ ವಂಶವಾಹಿಗಳ ಆರಂಭದಲ್ಲಿ ಜಿ-ಸಿ ತುಂಬಿರುತ್ತವೆ, ಕೊನೆಯತ್ತ ಸಾಗಿದಂತೆ ಇಳಿಯುತ್ತವೆ.

ಹಾವೇರಿಯ ಹತ್ತಿ ಹೊಲಕ್ಕೂ ಈ ವಿಚಾರಕ್ಕೂ ನಂಟಿದೆ. ಬಿಟಿ ಬ್ಯಾಕ್ಟೀರಿಯಾದ ಕೀಟನಾಶಕ ಪ್ರೋಟೀನಿನ ವಂಶವಾಹಿಯಲ್ಲಿ ಎ, ಟಿ ಅಕ್ಷರಗಳು ವಿಪರೀತ. ಅದನ್ನು ಇದ್ದಂತೆಯೇ ಗಿಡಕ್ಕೆ ಸೇರಿಸಿದಾಗ ಪ್ರೋಟೀನ್ ಉತ್ಪತ್ತಿ ತೀರಾ ಅಲ್ಪ. ಅಪರೂಪದ ಕೋಡಾನ್‌ಗಳ ಕಾಟ ಒಂದೆಡೆ. ನಡುನಡುವೆ ಬರುವ ಎಎಟಿಎಎಎ ಥರದ ಸಾಲುಗಳನ್ನು ಗಿಡ ‘ಸಂದೇಶ ಮುಗಿಯಿತು’ ಎಂದೇ ಓದಿಕೊಳ್ಳುವುದು ಇನ್ನೊಂದೆಡೆ. ಪ್ರೋಟೀನನ್ನು ಮುಟ್ಟದೆ ವಂಶವಾಹಿಯ ಸುಮಾರು ಶೇ 21 ಅಕ್ಷರಗಳನ್ನು ತಿದ್ದಿ ಬರೆದಾಗ ಉತ್ಪತ್ತಿ 100 ಪಟ್ಟಿನವರೆಗೂ ಏರಿತೆಂದು 1991ರಲ್ಲಿ ತಂಬಾಕು, ಟೊಮೆಟೊ ಗಿಡಗಳ ಪ್ರಯೋಗ ತೋರಿಸಿತು. ಭಾರತದಲ್ಲಿ 2002ರಲ್ಲಿ ಅನುಮತಿ ಪಡೆದ ಬಿಟಿ ಹತ್ತಿಯ ಹಿಂದಿರುವುದೂ ಇಂಥ ತಿದ್ದುಪಡಿಯೇ. ಬಿಟಿ ಪರ-ವಿರೋಧದ ಗದ್ದಲದಲ್ಲಿ ಈ ಕೌಶಲದ ಕಥೆ ಕೇಳಿದವರು ಕಡಿಮೆ.

ಔಷಧಗಳನ್ನು ಜೀವಕೋಶದಿಂದ ಹೊರದಬ್ಬುವ ಎಂಡಿಆರ್1 ಪ್ರೋಟೀನ್ ನಮ್ಮೆಲ್ಲರಲ್ಲಿದೆ. ಅದರ ವಂಶವಾಹಿಯಲ್ಲಿ ಎಟಿಸಿ ಇದ್ದಲ್ಲಿ ಎಟಿಟಿ ಬಂದರೂ ಸಿಗುವುದು ಅದೇ ಐಸೊಲ್ಯೂಸಿನ್. ಆದರೂ ಪ್ರೋಟೀನ್ ಮಡಚಿಕೊಳ್ಳುವ ಬಗೆ ಬದಲಾಗಿ, ಕೆಲವು ಔಷಧಗಳೊಂದಿಗಿನ ಅದರ ವರ್ತನೆಯೂ ಬೇರೆಯಾಗಬಹುದೆಂದು 2007ರ ಅಧ್ಯಯನವೊಂದು ವರದಿ ಮಾಡಿತು.

ಪಿಯುಸಿ ಜೀವಶಾಸ್ತ್ರ ಓದುವ ಮಕ್ಕಳಿಗೊಂದು ಕೆಲಸ. ಜಪಾನಿನ ಕಜುಸಾ ಡಿಎನ್‌ಎ ಸಂಶೋಧನಾ ಸಂಸ್ಥೆ ಸಾವಿರಾರು ಜೀವಿಗಳ ಕೋಡಾನ್ ಬಳಕೆಯ ಕೋಷ್ಟಕಗಳನ್ನು ಅಂತರ್ಜಾಲಕ್ಕೆ ಹಾಕಿದೆ. ಭತ್ತದ್ದನ್ನೂ ಅರಾಬಿಡಾಪ್ಸಿಸ್‌ನದ್ದನ್ನೂ ಪಕ್ಕಪಕ್ಕ ಇಟ್ಟು, ಲ್ಯೂಸಿನ್‌ನ ಆರು ಸಾಲುಗಳನ್ನು ಮೊದಲು ಹೋಲಿಸಿ ನೋಡಿ.